ನೇರ ಸೀಟು

ಪಿಟೀಲು ಊರಿನಿಂದ ಬರುತ್ತಾಳೆಂದು ಹೊರದೇಶದಲ್ಲಿ ನೆಲೆಸಿದ್ದ ಅವಳ ಸೋದರಮಾವ ತಾನು ಓದಿಕೊಳ್ಳುವ ಕೋಣೆಯನ್ನೇ ಖಾಲಿ ಮಾಡಿದ. ಪುಸ್ತಕಗಳನ್ನೆಲ್ಲ ಊಟದ ಮೇಜಿನ ಹಿಂದೆ ಗೋಡೆಗೆ ಒರಗಿಸಿ ಪೇರಿಸಿದ. ಅತ್ತೆ ಕಿಟಕಿಯ ಪರದೆ ಬಿಚ್ಚಿ ಒಗೆದು, ಸವೆದ ಅಂಚನ್ನು ಮಡಚಿ ಹೊಲಿದು ಮತ್ತೆ ಹಾಕಿದಳು. ಮಕ್ಕಳಿಲ್ಲದ ಮನೆ ಅದು. ಅಜ್ಜಿಯಂತೂ "ಮಗು ಬರ್ತಾ ಇದೆ, ಮಗು ಬರ್ತಾ ಇದೆ" ಎಂದು ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು. ಆ ಮಗುವಿಗೆ ಹದಿನೆಂಟು ತುಂಬಿತ್ತು. ಹುಟ್ಟಿದಾಗ ಸಣ್ಣ ದನಿಯಲ್ಲಿ ಒಂದೇ ಸಮನೆ ಅಳುತ್ತಿದ್ದಳೆಂದು ಪಿಟೀಲು ಎಂದು ಕರೆದವನು ಮಾವನೇ. ಶಾಲೆಯಲ್ಲಿ ಬೇರೆ ಹೆಸರಿದ್ದರೂ ಮನೆಯವರ ಬಾಯಿಗೆ ಅದು ಬರುತ್ತಲೇ ಇರಲಿಲ್ಲ.

ಮಾವ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಕಾಲೇಜು ಎಂದರೆ ಬ್ಯಾಂಕಿನ ಮೇಲಿನ ಎರಡು ಮಹಡಿ, ಅಷ್ಟೆ. ಹೊರದೇಶಗಳಿಂದ ಬಂದವರು ವಿಶ್ವವಿದ್ಯಾಲಯದಲ್ಲಿ ಗಣಿತದ ಡಿಗ್ರಿಗೆ ಸೇರುವ ಮುಂಚೆ ಅಲ್ಲಿ ಒಂದು ವರ್ಷ ತಯಾರಾಗಬೇಕು. ಫೌಂಡೇಷನ್ ವರ್ಷ ಎಂದು ಅದಕ್ಕೆ ಹೆಸರು. ಒಳ್ಳೆಯ ಅಂಕ ತೆಗೆದವರನ್ನು ವಿಶ್ವವಿದ್ಯಾಲಯ ಮರುಮಾತಿಲ್ಲದೆ ಸೇರಿಸಿಕೊಳ್ಳುತ್ತದೆ. ಇದನ್ನೇ ಮಾವ ಅಕ್ಕನಿಗೆ ಫೋನಿನಲ್ಲಿ ನೇರ ಸೀಟು ಎಂದಿದ್ದ. ಪಿಟೀಲುಗೆ ಅಷ್ಟರಲ್ಲಿ ತನ್ನ ಊರಿನ ಕಾಲೇಜಿನಲ್ಲೇ ಗಣಿತಕ್ಕೆ ಸೀಟು ಸಿಕ್ಕಿತ್ತು, ಹಾಸ್ಟೆಲಿನಲ್ಲಿ ಕೋಣೆಯೂ ಗೊತ್ತಾಗಿತ್ತು.

"ಅದನ್ನ ಬಿಟ್ಟುಬಿಡು ಅಕ್ಕ. ಇಲ್ಲಿಗೆ ಕಳಿಸು. ಒಂದು ವರ್ಷ ನಾನೇ ಕೂರಿಸಿಕೊಂಡು ತಿದ್ದುತೀನಿ. ಆಮೇಲೆ ನೇರ ಸೀಟು."

"ಖಂಡಿತಾನಾ?"

"ನಾನು ಹೇಳ್ತಿದ್ದೀನಲ್ಲ."

ತಮ್ಮನ ಮಾತೆಂದರೆ ಅವಳಿಗೆ ಅಷ್ಟೇ ಸಾಕು. ಊರಿನ ಸೀಟು ಬೇರೆ ಯಾರದೋ ಪಾಲಾಯಿತು.

ಮೊದಲ ತಿಂಗಳುಗಳು ಚೆನ್ನಾಗಿಯೇ ಇದ್ದವು. ಬೆಳಿಗ್ಗೆ ಅಜ್ಜಿ ಇಬ್ಬರ ಡಬ್ಬಿಗೂ ಬ್ರೆಡ್ಡು, ಬೇಯಿಸಿದ ಮೊಟ್ಟೆ ತುಂಬಿ ಬಾಗಿಲಲ್ಲಿ ನಿಲ್ಲುವಳು. ಅತ್ತೆ ಅವರಿಗಿಂತ ಮುಂಚೆಯೇ ಹೊರಟಿರುತ್ತಿದ್ದಳು. ಬಸ್ ನಿಲ್ದಾಣದ ಪಕ್ಕ ಅವಳದೊಂದು ಸಣ್ಣ ಅಂಗಡಿ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೋಟಿನ ತೋಳು ಸರಿಪಡಿಸುವುದು, ಹಾಳಾದ ಜಿಪ್ಪು ಬದಲಿಸುವುದು ಅವಳ ಕೆಲಸ. ಸಂಜೆ ನಾಲ್ವರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಪಾತ್ರೆ ತೊಳೆಯುವ ಸರದಿ ಪಿಟೀಲುದು, ಒರೆಸುವುದು ಮಾವನದು.

ತರಗತಿಯಲ್ಲಿ ನಾನಾ ದೇಶದವರಿದ್ದರು. ಎಲ್ಲರಿಗೂ ಲೆಕ್ಕ ಬರುತ್ತಿತ್ತು, ಸೂತ್ರಗಳು ಬಾಯಿಪಾಠವಾಗಿದ್ದವು, ಆದರೆ ಯಾಕೆ ಎಂದು ಕೇಳಿದರೆ ಬಾಯಿ ಕಟ್ಟುತ್ತಿತ್ತು. ಮಾವ ಒಂದು ದಿನ ಕೇಳಿದ, "ಎರಡು ಬೆಸ ಸಂಖ್ಯೆ ಕೂಡಿದ್ರೆ ಏನು ಬರುತ್ತೆ?"

"ಸಮ ಸಂಖ್ಯೆ," ಎಂದು ಎಲ್ಲರೂ ಕೂಗಿದರು.

"ಯಾಕೆ?"

"ಮೂರು ಐದು ಎಂಟು ಸರ್," ಎಂದ ಮುಂದಿನ ಬೆಂಚಿನ ಗುಂಗುರು ಕೂದಲಿನ ಹುಡುಗ.

"ಅದು ಉದಾಹರಣೆ ಕಣಪ್ಪ. ಸಾವಿರ ಉದಾಹರಣೆ ಕೊಟ್ರೂ ಅದು ಕಾರಣ ಆಗಲ್ಲ. ಯಾಕೆ ಅಂತ ಹೇಳು."

ಆಗ ದೊಡ್ಡಕ್ಕ ಎದ್ದು ನಿಂತಳು. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯಳಾದ್ದರಿಂದ ತರಗತಿಯೇ ಅವಳನ್ನು ಹಾಗೆ ಕರೆಯುತ್ತಿತ್ತು. ಆಗಷ್ಟೇ ಮಾತು ಕಲಿತಿದ್ದ ಮಗನನ್ನು ತನ್ನ ದೇಶದಲ್ಲಿ ಗಂಡನ ಕೈಗೆ ಬಿಟ್ಟು ಬಂದವಳು. "ಬೆಸ ಅಂದ್ರೆ ಜೋಡಿ ಜೋಡಿ ಮಾಡಿದ ಮೇಲೆ ಒಂದು ಒಂಟಿಯಾಗಿ ಉಳಿಯುತ್ತೆ ಸರ್. ಎರಡು ಕಡೆ ಉಳಿದ ಒಂಟಿಗಳು ಸೇರಿ ಇನ್ನೊಂದು ಜೋಡಿ ಆಗುತ್ತೆ. ಆಮೇಲೆ ಉಳಿಯೋದು ಏನೂ ಇಲ್ಲ."

ಮಾವ ಖುಷಿಯಿಂದ ಮೇಜಿನ ಮೇಲೆ ಬಡಿದ. "ಬಾ, ಅದನ್ನೇ ಬೋರ್ಡಿನ ಮೇಲೆ ಅಕ್ಷರದಲ್ಲಿ ಬರಿ."

ಅಂದು ಸಂಜೆ ಪಿಟೀಲು ತಟ್ಟೆಯಲ್ಲಿದ್ದ ಬಟಾಣಿ ಕಾಳುಗಳನ್ನು ಜೋಡಿ ಮಾಡಿ ಅಜ್ಜಿಗೆ ತೋರಿಸಿದಳು. "ತಿನ್ನೋದು ಬಿಟ್ಟು ಅದರ ಮದುವೆ ಮಾಡ್ತಾ ಕೂತಿದ್ದಾಳೆ," ಎಂದಳು ಅಜ್ಜಿ. ಅತ್ತೆ ನಕ್ಕು ನಕ್ಕು ಕೆಮ್ಮಿದಳು.

ವರ್ಷ ಅರ್ಧ ದಾಟಿದ ಮೇಲೆ ಒಂದು ಬೆಳಿಗ್ಗೆ ಮಾವ ತರಗತಿಗೆ ಬಂದವನು ಬೋರ್ಡು ಒರೆಸಲಿಲ್ಲ, ಕೂತುಕೊಳ್ಳಲೂ ಇಲ್ಲ. "ಒಂದು ಕೆಟ್ಟ ಸುದ್ದಿ ಇದೆ. ನಮ್ಮ ಕಾಲೇಜಿನವರನ್ನ ಈ ಸಲ ಗಣಿತಕ್ಕೆ ನೇರವಾಗಿ ತಗೊಳ್ಳಲ್ಲ ಅಂತ ವಿಶ್ವವಿದ್ಯಾಲಯದವರು ಹೇಳ್ತಿದ್ದಾರೆ. ನನಗೂ ನಿನ್ನೆ ಸಂಜೆಯೇ ಗೊತ್ತಾಗಿದ್ದು."

ಒಮ್ಮೆಗೇ ಗದ್ದಲವೆದ್ದಿತು. ಒಬ್ಬ ಬೆಂಚು ಗುದ್ದಿದ. "ಇವರಿಗೆಲ್ಲ ಮೊದಲೇ ಗೊತ್ತಿತ್ತು, ಮುಚ್ಚಿಟ್ಟಿದ್ದಾರೆ," ಎಂದು ಹಿಂದಿನಿಂದ ಯಾರೋ ಕೂಗಿದರು. ಮಾವ ಹೊರಗೆ ಹೋದ. ಆಗ ಪಿಟೀಲು ಎದ್ದಳು. ಹೆದರಿಕೆಗೆ ಅವಳ ದನಿ ಇನ್ನೂ ಸಣ್ಣದಾಗಿತ್ತು.

"ನಮ್ಮ ಮಾವ ಅಂಥವರಲ್ಲ. ನನ್ನನ್ನ ಇಲ್ಲಿಗೆ ಕರೆಸಿದ್ದೇ ಅವರು. ಗೊತ್ತಿದ್ರೆ ಸ್ವಂತ ಅಕ್ಕನ ಮಗಳನ್ನ ತಂದು ಈ ಬೆಂಚಿನ ಮೇಲೆ ಕೂರಿಸ್ತಿದ್ರಾ?"

ಕೂಗಾಟ ತಗ್ಗಿತು. "ಅದೂ ನಿಜ," ಎಂದಳು ದೊಡ್ಡಕ್ಕ. ಅವಳು ಆಗಲೇ ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಯೋಚನೆಯಲ್ಲಿದ್ದಳು. ಮಾರನೆಯ ದಿನ ಮಾವ, "ಆತುರಪಡಬೇಡಿ, ನಾನು ಮಾತಾಡ್ತಿದ್ದೀನಿ, ಏನಾದ್ರೂ ದಾರಿ ಆಗುತ್ತೆ," ಎಂದ. ಮೇಷ್ಟ್ರು ಮಾತಾಡುತ್ತಾರೆಂದು ಅವಳೂ ಕಾದಳು, ಉಳಿದವರೂ ಕಾದರು. ಹಾಗೆ ಕಾಯುತ್ತಿರುವಾಗಲೇ ಬೇರೆ ಕಡೆ ಅರ್ಜಿ ಹಾಕುವ ಕಾಲ ಮುಗಿದುಹೋಯಿತು.

ಅದಾದ ಮುಂದಿನ ವಾರ ಕಾಲೇಜಿನ ಆಫೀಸಿನ ಹೆಂಗಸು ಅತ್ತೆಯ ಅಂಗಡಿಗೆ ಬಂದಳು. ಹೊಸ ಕೋಟಿನ ತೋಳು ಉದ್ದವಾಗಿತ್ತು. ಅತ್ತೆ ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಅಳತೆ ಹಿಡಿಯುತ್ತಿದ್ದಳು.

"ಪಾಪ, ಮಕ್ಕಳ ಮುಖ ನೋಡೋಕಾಗಲ್ಲ," ಎಂದಳು ಆ ಹೆಂಗಸು. "ನಿಮ್ಮ ಯಜಮಾನರು ಆವತ್ತು ಮೀಟಿಂಗಲ್ಲಿ ಎಷ್ಟು ಕೂಗಾಡಿದ್ರು ಗೊತ್ತಾ? ನೇರ ಸೀಟು ಇಲ್ಲ ಅಂದ್ಮೇಲೆ ಈ ವರ್ಷ ಯಾರನ್ನೂ ಸೇರಿಸ್ಕೋಬೇಡಿ ಅಂತ ಮೊದಲು ಹೇಳಿದ್ದೇ ಅವರು. ಆಮೇಲೆ ಅದೇನಾಯ್ತೋ, ಸುಮ್ಮನಾಗಿಬಿಟ್ರು."

ಅತ್ತೆ ಪಿನ್ನುಗಳನ್ನು ಬಾಯಿಂದ ತೆಗೆದಳು. "ಯಾವತ್ತು?"

"ಕಳೆದ ಬೇಸಿಗೇಲಿ. ಅಡ್ಮಿಷನ್ ಶುರುವಾಗೋಕೆ ಮುಂಚೆ."

ಆ ಕೋಟಿನ ಎಡತೋಳು ಅಂದು ಸೊಟ್ಟಗಾಯಿತು. ಅತ್ತೆ ಅದನ್ನು ಬಿಚ್ಚಿ ಇನ್ನೊಮ್ಮೆ ಹೊಲಿಯಬೇಕಾಯಿತು.

ಸಂಜೆ ಅವಳು ಗಂಡನನ್ನು ಒಣಗಿದ ಹೊದಿಕೆ ಮಡಚುವ ನೆಪದಲ್ಲಿ ತಾರಸಿಗೆ ಕರೆದಳು. ಒಂದು ತುದಿ ಅವಳು ಹಿಡಿದಳು, ಇನ್ನೊಂದು ಅವನು.

"ಪಿಟೀಲು ಬರೋಕೆ ಮುಂಚೆಯೇ ನಿಮಗೆ ಗೊತ್ತಿತ್ತಂತೆ."

"ಯಾರು ಹೇಳಿದ್ದು?"

"ಯಾರಾದ್ರೂ ಹೇಳಲಿ. ಗೊತ್ತಿತ್ತಾ ಇಲ್ವಾ?"

ಮಾವ ಹೊದಿಕೆಯ ಅಂಚನ್ನು ಸರಿಮಾಡಿದ. "ಬೆಂಚು ತುಂಬದಿದ್ರೆ ಈ ವರ್ಷದ ತರಗತಿಯೇ ಇಲ್ಲ ಅಂದ್ರು. ತರಗತಿ ಇಲ್ಲ ಅಂದ್ರೆ ನಾನೂ ಇಲ್ಲ. ಒಂದು ತಲೆ ಕಡಿಮೆ ಇತ್ತು."

"ಅದಕ್ಕೆ ನಮ್ಮ ಮಗು ತಲೇನೇ ಬೇಕಿತ್ತಾ?"

"ಅವರು ಮನಸ್ಸು ಬದಲಾಯಿಸ್ತಾರೆ ಅಂದ್ಕೊಂಡೆ ಕಣೆ. ಪ್ರತಿ ವರ್ಷ ಹೀಗೇ ಹೆದರಿಸ್ತಾರೆ. ಹುಡುಗರು ಒಳ್ಳೆ ಅಂಕ ತೆಗೆದ್ರೆ ತಾವಾಗೇ ದಾರಿಗೆ ಬರ್ತಾರೆ ಅಂತ..."

"ಬರದಿದ್ರೆ?"

ಅತ್ತೆ ತನ್ನ ಕೈಯಲ್ಲಿದ್ದ ತುದಿಯನ್ನು ಬಿಟ್ಟುಬಿಟ್ಟಳು. "ಭಾನುವಾರದೊಳಗೆ ನೀವೇ ಅವಳಿಗೆ ಹೇಳಿ. ಇಲ್ಲ ಅಂದ್ರೆ ನಾನು ಹೇಳ್ತೀನಿ."

ಭಾನುವಾರ ಬಂತು. ಮಧ್ಯಾಹ್ನ ಅಜ್ಜಿ ಅನ್ನ ಬಡಿಸುತ್ತಿದ್ದಳು. ಮಾವ ಯಾವುದೋ ಹಳೆಯ ವಿದ್ಯಾರ್ಥಿಯ ತಮಾಷೆ ಹೇಳಿ ತಾನೇ ಮೊದಲು ನಗುತ್ತಿದ್ದ.

"ರೀ, ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದಳು ಅತ್ತೆ.

"ಊಟ ಆಗ್ಲಿ."

"ಊಟ ಇಳಿಯಲ್ಲ ನನಗೆ," ಎನ್ನುತ್ತ ಅತ್ತೆ ಹೇಳಿಯೇಬಿಟ್ಟಳು. ಎರಡು ಮಾತಿನಲ್ಲಿ ಮುಗಿಯಿತು. ಸೌಟು ಹಿಡಿದ ಅಜ್ಜಿಯ ಕೈ ಹಾಗೇ ನಿಂತಿತು. "ಏನೋ ಇದು?" ಎಂದು ಮಗನ ಕಡೆ ತಿರುಗಿದಳು. ಅವನು ಅನ್ನ ಕಲಸುತ್ತಿದ್ದ.

ಪಿಟೀಲು ಕೇಳಿದಳು, "ನಿಜಾನಾ ಮಾವ?"

"ನಿನಗೆ ಅನ್ಯಾಯ ಆಗೋಕೆ ನಾನು ಬಿಡ್ತೀನಾ? ನಿನಗೆ ಬೇರೆ ಎಲ್ಲಾದ್ರೂ ನೋಡ್ತೀನಿ. ಎಲ್ಲರಿಗೂ ಮಾಡೋಕಾಗಲ್ಲ, ನಿನ್ನೊಬ್ಬಳಿಗೆ ಆಗುತ್ತೆ."

"ನಾನು ಅವರ ಮುಂದೆ ನಿಂತು ನಮ್ಮ ಮಾವ ಅಂಥವರಲ್ಲ ಅಂದೆ."

"ನಿನ್ನನ್ನ ಯಾರು ನಿಂತ್ಕೊಂಡು ಹೇಳು ಅಂದ್ರು?"

ಪಿಟೀಲು ತಟ್ಟೆ ತೆಗೆದುಕೊಂಡು ಎದ್ದಳು. ಅಜ್ಜಿ ಅವಳ ಮುಂಗೈ ಹಿಡಿದಳು.

"ಮನೆ ಮಾತು ಮನೆಯಲ್ಲೇ ಇರಲಿ ಮಗು. ಅವನ ಹೊಟ್ಟೆ ಮೇಲೆ ಹೊಡೀಬೇಡ. ನಿಮ್ಮಮ್ಮನಿಗಂತೂ ಹೇಳಲೇಬೇಡ. ಗೊತ್ತಾದ್ರೆ ಈ ಜನ್ಮದಲ್ಲಿ ಇವನ ಮುಖ ನೋಡಲ್ಲ ಅವಳು."

"ಅಮ್ಮನಿಗೆ ಈಗಲೇ ಹೇಳಲ್ಲ. ದೂರದಲ್ಲಿ ಒಬ್ಬಳೇ ಕೂತು ಅಳ್ತಾಳೆ," ಎಂದಳು ಪಿಟೀಲು. "ಆದ್ರೆ ದೊಡ್ಡಕ್ಕನಿಗೆ ಹೇಳ್ತೀನಿ ಅಜ್ಜಿ. ನನ್ನ ಮಾತು ನಂಬಿ ಸುಮ್ಮನಿದ್ದವಳು ಅವಳು."

ದೊಡ್ಡಕ್ಕ ಬಾಡಿಗೆ ಕೋಣೆಯಲ್ಲಿ ಮಗನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಳು. ಪಿಟೀಲು ಕಾದು ನಿಂತು, ಮಾತು ಮುಗಿದ ಮೇಲೆ ಎಲ್ಲ ಹೇಳಿದಳು. ಬೈಯುತ್ತಾಳೆ, ಹೊರಗೆ ಹೋಗು ಅನ್ನುತ್ತಾಳೆ ಎಂದುಕೊಂಡಿದ್ದಳು. ದೊಡ್ಡಕ್ಕ ಮಂಚದ ಅಂಚಿನಲ್ಲಿ ಕೂತು, "ಅರ್ಜಿ ತುಂಬಿಟ್ಟಿದ್ದೆ ಕಣೆ. ಕಳಿಸೋದೊಂದು ಬಾಕಿ ಇತ್ತು. ನೀನು ಹೇಳಿದ್ದಕ್ಕೆ ಬಿಟ್ಟೆ," ಎಂದಳು. ಅಷ್ಟೇ ಅಂದದ್ದು. ಪಿಟೀಲು ಗೋಡೆಗೆ ಆತು ನಿಂತು ಅತ್ತಳು. ಆಮೇಲೆ ದೊಡ್ಡಕ್ಕನೇ ಎದ್ದು ಅವಳಿಗೆ ಚಹಾ ಮಾಡಿಕೊಟ್ಟಳು.

ಮರುದಿನ ತರಗತಿಯವರೆಲ್ಲ ಸೇರಿ ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ಹೋದರು. ಅಲ್ಲಿನ ಮೇಲಧಿಕಾರಿಣಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ನೇರ ಸೀಟು ಇಲ್ಲವೆಂದು ಸೇರುವಾಗಲೇ ಎಲ್ಲರಿಗೂ ತಿಳಿಸಿದ್ದೇವೆ ಎಂದು ಕಾಲೇಜಿನ ಪ್ರಿನ್ಸಿಪಾಲರು ಅವಳಿಗೆ ಹೇಳಿದ್ದರಂತೆ. "ತಿಳಿದೇ ಸೇರಿದ್ದರೆ ನಾನೇನೂ ಮಾಡಲಾರೆ. ನಿಮ್ಮಿಂದ ಮುಚ್ಚಿಟ್ಟಿದ್ದರೆ ನಿಮಗಾಗಿಯೇ ಒಂದು ಪ್ರವೇಶ ಪರೀಕ್ಷೆ ಇಡಬಹುದು. ನಿಮ್ಮ ಮೇಷ್ಟ್ರು, ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸ್ತೀನಿ. ನೀವೂ ಬನ್ನಿ."

ಅವರನ್ನು ಕರೆಸಿದ್ದ ದಿನ ಬೆಳಿಗ್ಗೆ ಅಜ್ಜಿ ಮಗನ ತಟ್ಟೆಗೆ ಎರಡು ಮೊಟ್ಟೆ ಹಾಕಿದಳು, ಮೊಮ್ಮಗಳ ತಟ್ಟೆಗೂ ಎರಡು. ಅತ್ತೆ ಅಂಗಿ ಇಸ್ತ್ರಿ ಮಾಡಿ ಕೊಡುತ್ತಾ, "ಇವತ್ತಾದ್ರೂ ನಿಜ ಹೇಳಿ," ಎಂದಳು.

"ಹೇಳ್ತೀನಿ ಕಣೆ," ಎಂದ ಮಾವ. ದಾರಿಯಲ್ಲಿ ಪಿಟೀಲುಗೂ ಅದನ್ನೇ ಹೇಳಿದ. ಬಸ್ಸಿನಲ್ಲಿ ಅವಳಿಗೆ ಸೀಟು ಬಿಟ್ಟುಕೊಟ್ಟು ತಾನು ನಿಂತೇ ಬಂದ.

ಉದ್ದನೆಯ ಮೇಜಿನ ಒಂದು ಬದಿಗೆ ವಿದ್ಯಾರ್ಥಿಗಳು, ಎದುರಿಗೆ ಪ್ರಿನ್ಸಿಪಾಲರು, ಅವರ ಪಕ್ಕಕ್ಕೆ ಮಾವ. ಅಧಿಕಾರಿಣಿ ನೇರವಾಗಿ ಕೇಳಿದಳು, "ಸೇರುವಾಗ ಇವರಿಗೆಲ್ಲ ವಿಷಯ ತಿಳಿಸಿದ್ರಾ?"

ಮಾವ ಪ್ರಿನ್ಸಿಪಾಲರ ಕಡೆ ನೋಡಲಿಲ್ಲ, ವಿದ್ಯಾರ್ಥಿಗಳ ಕಡೆಯೂ ನೋಡಲಿಲ್ಲ. "ತಿಳಿಸಿದ್ವಿ. ನಾನೇ ತಿಳಿಸಿದ್ದೆ," ಎಂದ.

ದೊಡ್ಡಕ್ಕನ ಬಾಯಿಂದ ಸಣ್ಣ ಸದ್ದೊಂದು ಹೊರಟಿತು. ಪಿಟೀಲು ತನ್ನ ಕಿವಿಯನ್ನೇ ನಂಬಲಿಲ್ಲ. ಅಧಿಕಾರಿಣಿ ಅವಳತ್ತ ತಿರುಗಿದಳು. "ನೀವು ಇವರ ಸಂಬಂಧಿ ಅಂತ ಕೇಳಿದೆ. ನಿಮಗೆ ತಿಳಿಸಿದ್ರಾ?"

ಅಜ್ಜಿ ಹಿಡಿದಿದ್ದ ಮುಂಗೈಯನ್ನು ಪಿಟೀಲು ಇನ್ನೊಂದು ಕೈಯಿಂದ ಹಿಡಿದುಕೊಂಡಳು. "ಇಲ್ಲ. ತಿಳಿಸಿರಲಿಲ್ಲ. ನಮ್ಮೂರಲ್ಲಿ ನನಗೆ ಇದೇ ಗಣಿತಕ್ಕೆ ಸೀಟು ಸಿಕ್ಕಿತ್ತು. ಅದನ್ನ ಬಿಟ್ಟು ಬಾ, ಇಲ್ಲಿ ನೇರ ಸೀಟು ಅಂತ ನಮ್ಮಮ್ಮನಿಗೆ ಹೇಳಿದ್ದು ಇವರೇ. ಆಗಲೇ ಗೊತ್ತಿತ್ತಾ ಅಂತ ಮನೇಲಿ ಊಟಕ್ಕೆ ಕೂತಾಗ ಕೇಳಿದ್ರೆ ಇಲ್ಲ ಅನ್ನಲಿಲ್ಲ. ತಿಳಿಸಿದ್ರೆ ನಾನ್ಯಾಕೆ ಬರ್ತಿದ್ದೆ?"

"ಮೇಷ್ಟ್ರೇ, ಇದು ನಿಜಾನಾ?"

ಮಾವ ಮೇಜಿನ ಮೇಲಿದ್ದ ತನ್ನ ಬೆರಳುಗಳನ್ನು ನೋಡುತ್ತ ಕೂತ. ಪ್ರಿನ್ಸಿಪಾಲರು ಏನೋ ಹೇಳಲು ಹೊರಟರು. ಅಧಿಕಾರಿಣಿ ಕೈಯೆತ್ತಿ ತಡೆದು, ಇನ್ನೊಮ್ಮೆ ಕೇಳಿದಳು. ಮಾವ ಆಗಲೂ ಬಾಯಿ ಬಿಡಲಿಲ್ಲ. ಆ ಮೌನವೇ ಅವಳಿಗೆ ಸಾಕಾಯಿತು.

ಪರೀಕ್ಷೆಗೆ ಅನುಮತಿ ಸಿಕ್ಕಿತು. ಕಾಲೇಜಿನವರು ಮಾವನಿಗೆ ವರ್ಷ ಮುಗಿಸಿಕೊಟ್ಟು ಕೆಲಸ ಬಿಡಲು ಹೇಳಿದರು.

ಮನೆಯಲ್ಲಿ ಒಟ್ಟಿಗೆ ಉಣ್ಣುವುದು ನಿಂತಿತು. ಮಾವ ಮೊದಲು ಉಂಡು ಎದ್ದುಬಿಡುತ್ತಿದ್ದ. ಪಿಟೀಲು ಪಾತ್ರೆ ತೊಳೆದು ತಾನೇ ಒರೆಸಿ ಇಡುತ್ತಿದ್ದಳು. ಅಜ್ಜಿ ಅವಳ ಡಬ್ಬಿ ತುಂಬುವುದನ್ನು ಬಿಡಲಿಲ್ಲ, ಆದರೆ ಬಾಗಿಲವರೆಗೆ ಬರುವುದನ್ನು ಬಿಟ್ಟಳು. ಒಂದು ದಿನ ತಡೆಯಲಾರದೆ ಅಂದೇಬಿಟ್ಟಳು, "ನಿನ್ನಿಂದ ಅವನ ಅನ್ನ ಹೋಯ್ತು."

ಪಿಟೀಲು ತಲೆ ತಗ್ಗಿಸಿದಳು. ಒಳಗಿನಿಂದ ಅತ್ತೆ ಬಂದಳು. ಅಂಗಡಿಯ ಕೆಲಸ ಮನೆಗೂ ತರಲು ಶುರುಮಾಡಿದ್ದಳು. ಕತ್ತಿನ ಸುತ್ತ ಅಳತೆಯ ಟೇಪಿತ್ತು. "ಅವಳನ್ನ ಯಾಕಮ್ಮ ಅಂತೀರಾ? ಅವರ ಅನ್ನ ಅವರೇ ಚೆಲ್ಲಿಕೊಂಡ್ರು. ಜೊತೆಗೆ ಇಷ್ಟು ಜನರ ತಟ್ಟೆಗೂ ಕೈ ಹಾಕಿದ್ರು."

"ನಿನ್ನ ಗಂಡ ಅವನು."

"ಹೌದು. ಅದಕ್ಕೇ ನನಗೆ ನಾಚಿಕೆ."

ತರಗತಿಯಲ್ಲಿ ಮಾತ್ರ ಮಾವ ಪಾಠ ಮಾಡುತ್ತಲೇ ಹೋದ. ಕಲಿಸಲು ಬೇರೆ ಯಾರೂ ಇರಲಿಲ್ಲ, ಪರೀಕ್ಷೆ ಹತ್ತಿರವಿತ್ತು, ಎಲ್ಲರೂ ಬಂದು ಕೂತರು. ಯಾರೂ ಅವನಿಗೆ ನಮಸ್ಕಾರ ಹೇಳುತ್ತಿರಲಿಲ್ಲ. ಅವನು ಹಿಂದೆಂದಿಗಿಂತ ಚೆನ್ನಾಗಿ ಪಾಠ ಮಾಡಿದ. ಪಿಟೀಲುಗೆ ಅದೇ ಹೆಚ್ಚು ಸಿಟ್ಟು ತರಿಸುತ್ತಿತ್ತು. ಕಡೆಯ ಬೆಂಚಿನಲ್ಲಿ ಕೂತು, ಒಂದು ಸಾಲನ್ನೂ ಬಿಡದೆ ಬರೆದುಕೊಂಡಳು.

ಪರೀಕ್ಷೆ ಮುಗಿದು ಫಲಿತಾಂಶ ಬಂತು. ದೊಡ್ಡಕ್ಕ ಎಲ್ಲರಿಗಿಂತ ಮೇಲೆ ಬಂದಿದ್ದಳು. ಪಿಟೀಲುಗೂ ಸೀಟು ಸಿಕ್ಕಿತು, ಹೆಚ್ಚಿನವರಿಗೂ ಸಿಕ್ಕಿತು. ಗುಂಗುರು ಕೂದಲಿನ ಹುಡುಗನಿಗೆ ಸಿಗಲಿಲ್ಲ. ಅವನು ಯಾರಿಗೂ ಹೇಳದೆ ತನ್ನ ದೇಶಕ್ಕೆ ಹೊರಟುಹೋದನೆಂದು ಎರಡು ದಿನದ ಮೇಲೆ ತಿಳಿಯಿತು. ಪಿಟೀಲು ಮಾವನ ಮನೆ ಬಿಟ್ಟು ದೊಡ್ಡಕ್ಕನ ಕೋಣೆಗೆ ಹೋಗಿ ಇರುವುದೆಂದು ಗೊತ್ತುಮಾಡಿದಳು.

ಬಟ್ಟೆ ತುಂಬಿಕೊಳ್ಳುತ್ತಿದ್ದ ಸಂಜೆ ಊರಿನಿಂದ ತಾಯಿಯ ಫೋನ್ ಬಂತು. ಅತ್ತೆ ಅಂದು ಬಲವಂತ ಮಾಡಿ ನಾಲ್ವರನ್ನೂ ಮೇಜಿಗೆ ಕೂರಿಸಿದ್ದಳು. ಸೂಪು ಬಡಿಸಿಯಾಗಿತ್ತು. ಪಿಟೀಲು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು.

"ಸಿಕ್ತಂತಲ್ಲೇ! ನೇರ ಸೀಟು ಅಂತ ನನ್ನ ತಮ್ಮ ಅಂದೇ ಹೇಳಿದ್ದ ನೋಡು. ಎಲ್ಲಿ ಅವನು? ಕೊಡು ಅವನಿಗೆ. ನನ್ನ ಮಗಳನ್ನ ದಡ ಸೇರಿಸಿದ ಅಂತ ನಾಲ್ಕು ಮಾತಾಡ್ಬೇಕು."

ಮಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಬಚ್ಚಲಮನೆಗೆ ಹೋದ. ಬಾಗಿಲು ಮುಚ್ಚಿಕೊಂಡಿತು. ಬೇಡ, ಬೇಡ ಎಂದು ಅಜ್ಜಿ ಪಿಟೀಲುಗೆ ಕಣ್ಣಿನಲ್ಲೇ ಹೇಳುತ್ತಿದ್ದಳು.

"ಅಮ್ಮ, ಒಂದು ವಿಷಯ ಹೇಳ್ಬೇಕು," ಎಂದಳು ಪಿಟೀಲು.

ಎಲ್ಲವನ್ನೂ ಹೇಳಿದಳು. ಏನನ್ನೂ ಏರಿಸಲಿಲ್ಲ, ಇಳಿಸಲೂ ಇಲ್ಲ. ಫೋನ್ ಕಟ್ಟಾಯಿತೇನೋ ಎಂದು ಅತ್ತೆ ಬಗ್ಗಿ ನೋಡಿದಳು.

"ಅಮ್ಮ, ಅಲ್ಲಿದ್ದೀಯಾ?" ತಾಯಿ ಈಗ ಕರೆದದ್ದು ಅಜ್ಜಿಯನ್ನು.

"ಇದ್ದೀನಿ ಕಣೆ."

"ನಿನಗೆ ಗೊತ್ತಿತ್ತಾ?"

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವನೂ ನನ್ನ ಹೊಟ್ಟೇಲಿ ಹುಟ್ಟಿದೋನಲ್ವೇನೇ."

"ನಾನು ಯಾರ ಹೊಟ್ಟೇಲಿ ಹುಟ್ಟಿದ್ದು ಅಮ್ಮ?"

ಅಜ್ಜಿ ತನ್ನ ಬಟ್ಟಲನ್ನು ಆಚೆ ಸರಿಸಿದಳು. ತಾಯಿ ಮತ್ತೆ ಹೇಳಿದಳು, "ಅವನನ್ನ ಕರಿ."

"ಬಚ್ಚಲಲ್ಲಿದ್ದಾರೆ ಅಕ್ಕ," ಎಂದಳು ಅತ್ತೆ.

"ಅದೇನು ನೀರಿನ ಸದ್ದಾ?"

"ಹೂಂ. ನಲ್ಲಿ ಬಿಟ್ಕೊಂಡಿದ್ದಾರೆ."

"ಚಿಕ್ಕೋನಿದ್ದಾಗಲೂ ಹೀಗೇ," ಎಂದಳು ತಾಯಿ. ದನಿ ಒಡೆದಿತ್ತು. "ಏನಾದ್ರೂ ಒಡೆದು ಹಾಕಿದ್ರೆ ಒಳಗೆ ಸೇರ್ಕೊಂಡು ನಲ್ಲಿ ಬಿಡ್ತಿದ್ದ. ನಾನೇ ಹೋಗಿ ಬಾಗಿಲು ತಟ್ಟಿ, ಯಾರೂ ಬೈಯಲ್ಲ ಬಾರೋ, ನಾನಿದ್ದೀನಿ ಅಂತ ಕರ್ಕೊಂಡು ಬರ್ತಿದ್ದೆ."

ಅತ್ತೆ ಪಿಟೀಲುವಿನ ಕಡೆ ನೋಡಿದಳು. ಪಿಟೀಲು ತಲೆ ಎತ್ತಲಿಲ್ಲ. ಅಜ್ಜಿ ಎರಡೂ ಕೈ ಮೇಜಿಗೆ ಊರಿ ಏಳಲು ನೋಡಿ, ಮತ್ತೆ ಕೂತಳು.

"ಬರಲಿ. ನಾನು ಕಾಯ್ತೀನಿ," ಎಂದಳು ತಾಯಿ.

ನಾಲ್ಕು ಬಟ್ಟಲುಗಳ ನಡುವೆ ಫೋನು ಹಾಗೇ ಇತ್ತು. ಸೂಪಿನ ಮೇಲೆ ಕೆನೆ ಕಟ್ಟುತ್ತಿತ್ತು. ಒಳಗೆ ನೀರು ಸುರಿಯುತ್ತಲೇ ಇತ್ತು. ಬಾಗಿಲು ತಟ್ಟಲು ಯಾರೂ ಏಳಲಿಲ್ಲ.